ಹದಿನಾಲ್ಕು ಬೆರಳು

ಮಾನಸಿ ಅಣ್ಣನ ಎಡಹುಬ್ಬು ಮುಗಿಸಿ ಬಲಹುಬ್ಬಿಗೆ ಪೆನ್ಸಿಲ್ ಒತ್ತಿದಳು. ತುದಿ ಜಾರಿ ಕಪ್ಪು ಗೀಟು ಹಣೆಯ ಮೇಲಕ್ಕೆ ಏರಿತು. ತಾರಾನಾಥರು ಕರವಸ್ತ್ರದ ತುದಿ ಒದ್ದೆ ಮಾಡಿ ಮಗಳ ಕೈಗೆ ಕೊಟ್ಟರು.

“ನಿಲ್ಲುವುದೇ ಇಲ್ಲ ಪಪ್ಪಾ. ಚರ್ಮ ತಣ್ಣಗಾಗಿದೆ, ಜಾರ್ತಾ ಉಂಟು.”

“ನಿಧಾನಕ್ಕೆ ಮಾಡು. ಅವರು ಬರ್ಲಿಕ್ಕೆ ಇನ್ನೂ ಒಂದು ಗಂಟೆ ಉಂಟು.”

ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯಲ್ಲಿ ಪ್ರಾಣ ಹೋಗಿ, ಎಂಟೂವರೆಗೆಲ್ಲ ರಂಜನ್ ಐರೋಲಿಯ ಎರಡನೇ ಮಹಡಿಯ ಮನೆಗೆ ಬಂದಿದ್ದ. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸದೆ ನಾಲ್ವರು ಮೆಟ್ಟಿಲ ಮೇಲೆ ಹೊತ್ತು ತಂದಿದ್ದರು. ಹೊರಲು ಭಾರವೇನೂ ಇರಲಿಲ್ಲ. ಇಪ್ಪತ್ತೈದು ವರ್ಷದ ಹುಡುಗ ನಲವತ್ತು ಕಿಲೋಗೆ ಇಳಿದಿದ್ದ. ಈಗ ಸೋಫಾವನ್ನು ಗೋಡೆಗೆ ಸರಿಸಿ, ಹಾಲಿನ ನಡುವೆ ಚಾಪೆಯ ಮೇಲೆ ಮಲಗಿಸಿದ್ದರು. ಕುತ್ತಿಗೆಯವರೆಗೆ ಬಿಳಿ ಬಟ್ಟೆ, ತಲೆಯ ಹತ್ತಿರ ದೀಪ, ಬೋಳುತಲೆಯ ಮೇಲೆ ಶಿಬಿರದ ನೀಲಿ ಟೋಪಿ. ಟೋಪಿ ಹಾಕಿಸಿದ್ದು ತಾರಾನಾಥರು. ಹುಬ್ಬು ಬರೆಸುತ್ತಿದ್ದವರೂ ಅವರೇ.

“ಎಂಥದ್ದು ಭಾವ ಇದು? ಸತ್ತವನಿಗೆ ಮೇಕಪ್ಪು?” ಎಂದ ಯಜ್ಞೇಶ್ವರ. ಹೆಂಡತಿ ಜಯಲತಾಳ ಅಣ್ಣ, ರಬಾಳೆಯ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನು ನಡೆಸುವವ. ದನಿ ತಗ್ಗಿಸಿ ಮಾತಾಡುವುದು ಅವನಿಗೆ ಹುಟ್ಟಿನಿಂದಲೇ ಬಂದಿರಲಿಲ್ಲ. “ನೋಡಿದವರು ಎಂತ ಹೇಳಿಯಾರು?”

“ನೋಡಿದವರಿಗಲ್ಲ ಭಾವ. ಕ್ಯಾಂಪಿನ ಮಕ್ಕಳು ಬರ್ತಾ ಇದ್ದಾರೆ. ಅವರು ಕೇಳಿದ್ರೆ ಡೆಂಗ್ಯೂ ಅಂತ ಹೇಳಿ.”

“ಡೆಂಗ್ಯೂವಿಗೆ ಹುಬ್ಬು ಉದುರ್ತದಾ?”

“ಅದಕ್ಕೇ ಬರೆಸುವುದು.”

ಗೋಡೆಗೆ ಒರಗಿ ಕೂತಿದ್ದ ಜಯಲತಾ ಗಂಡನ ಕಡೆ ತಿರುಗಿದಳು.

“ಎಂಟು ತಿಂಗಳು ನನ್ನ ಮಗ ನರಳಿದ್ದಾನೆ. ಬಾಯಿಯೊಳಗೆಲ್ಲ ಹುಣ್ಣು, ಒಂದು ಗುಟುಕು ಗಂಜಿ ಇಳೀತಿರ್ಲಿಲ್ಲ. ಅದನ್ನೆಲ್ಲ ಒಂದು ಸೊಳ್ಳೆಯ ಲೆಕ್ಕಕ್ಕೆ ಹಾಕ್ತೀರಾ ನೀವು?”

ತಾರಾನಾಥರು ದೀಪಕ್ಕೆ ಎಣ್ಣೆ ಎರೆದರು. ಮಾತು ಕೊಟ್ಟಿದ್ದರು, ಅಷ್ಟೇ. ರಂಜನ್ ಕೊನೆಯ ವಾರದಲ್ಲಿ ಮೂರು ಸಲ ಕೇಳಿ, ಮೂರು ಸಲವೂ ಅವರ ಬಾಯಿಂದ ಹೂಂ ಅನ್ನಿಸಿಕೊಂಡಿದ್ದ. ಅವನಿಗೆ ಕ್ಯಾನ್ಸರ್ ಮತ್ತೆ ಬಂದದ್ದು ಶಿಬಿರದ ಒಬ್ಬರಿಗೂ ಗೊತ್ತಾಗಬಾರದು. ಮಗ ಅಪ್ಪನಲ್ಲಿ ಕೊನೆಗೆ ಕೇಳಿದ್ದು ಅದೊಂದೇ. ಅದೂ ಆಗದಿದ್ದರೆ ತಾನು ಇಷ್ಟು ವರ್ಷ ಅಪ್ಪನಾಗಿದ್ದು ದಂಡ ಎಂದು ತಾರಾನಾಥರಿಗೆ ಅನ್ನಿಸುತ್ತಿತ್ತು.

ಸುಳ್ಳು ಹೇಳಿ ಅವರಿಗೆ ಅಭ್ಯಾಸವೂ ಇತ್ತು. ರಂಜನ್‌ಗೆ ಒಂಬತ್ತರಲ್ಲಿ ರಕ್ತದ ಕ್ಯಾನ್ಸರ್ ಬಂದಾಗ ಊರಿನ ಬಂಧುಗಳಿಗೆ ಕಾಮಾಲೆ ಎಂದು ಹೇಳಿ ಎರಡು ವರ್ಷ ನಿಭಾಯಿಸಿದ್ದರು. ಆಗ ಆ ಸುಳ್ಳಿನ ಕೊನೆಗೆ ಹುಡುಗ ಗುಣವಾಗಿ ಶಾಲೆಗೆ ಹೋಗಿದ್ದ.

ಫೋನು ಬಂತು. ಅನುಷ್ಕಾ. ಕಲ್ಯಾಣದ ಹುಡುಗಿ, ಶಿಬಿರದಲ್ಲಿ ರಂಜನ್‌ನ ಬಲಗೈಯಂತಿದ್ದವಳು.

“ಅಂಕಲ್, ನಾವು ಥಾಣೆಯಲ್ಲಿ ಟ್ರೇನ್ ಚೇಂಜ್ ಮಾಡ್ತಾ ಇದ್ದೇವೆ. ಕಾಮೋಠೆಯವರು ಡೈರೆಕ್ಟ್ ಬರ್ತಾರೆ. ಟೋಟಲ್ ಹನ್ನೊಂದು ಜನ. ಪ್ಲೀಸ್, ನಾವು ಬರೋ ತನಕ ಎತ್ತಬೇಡಿ.”

“ಇಲ್ಲ ಮಗಾ. ಬನ್ನಿ.”

“ಡೆಂಗ್ಯೂ ಅಂತ ಮೆಸೇಜ್ ನೋಡಿದೆ. ಎಷ್ಟು ದಿನ ಇತ್ತು ಅಂಕಲ್?”

“ನಾಲ್ಕು ದಿನ,” ಎಂದರು ತಾರಾನಾಥರು. ಜಯಲತಾ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗಿನ ಕೋಣೆಗೆ ಎದ್ದುಹೋದಳು.

*

ಮುರ್ಬಾಡ್ ಕಡೆಯ ಒಂದು ವಸತಿ ಶಾಲೆಯಲ್ಲಿ ಪ್ರತಿ ಜನವರಿಗೆ ನಾಲ್ಕು ದಿನ ಆ ಶಿಬಿರ. ಚಿಕ್ಕಂದಿನಲ್ಲಿ ಕ್ಯಾನ್ಸರ್ ಬಂದು ಬದುಕಿದವರು, ಹದಿನೆಂಟು ದಾಟಿದವರು, ಸುಮಾರು ನಲವತ್ತು ಮಂದಿ. ಮುಂದಾಳುಗಳನ್ನು ತಯಾರು ಮಾಡುವುದು ಶಿಬಿರದ ಉದ್ದೇಶ ಎಂದು ನಡೆಸುವ ಟ್ರಸ್ಟಿನವರು ಕಾಗದದಲ್ಲಿ ಬರೆಯುತ್ತಿದ್ದರು. ಕೆಲಸ ಸಿಕ್ಕ ಕಡೆ ಹಳೆಯ ಕಾಯಿಲೆಯ ಬಗ್ಗೆ ಎಷ್ಟು ಹೇಳಬೇಕು, ವಾರ್ಡಿನಲ್ಲಿ ಹೊಸದಾಗಿ ಸೇರಿದ ಮಗುವಿನ ತಂದೆತಾಯಿಯ ಹತ್ತಿರ ಹೇಗೆ ಕೂತು ಮಾತಾಡಬೇಕು, ವರ್ಷದ ತಪಾಸಣೆಗೆ ಹೆದರಿ ಹೋಗದೆ ಉಳಿದವರನ್ನು ಹೇಗೆ ಹೊರಡಿಸಬೇಕು, ಇಂಥವನ್ನು ಅಲ್ಲಿ ಕಲಿಸುತ್ತಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹತ್ತು ಜನರನ್ನು ಬರೀ ದನಿಯಿಂದ ಮೈದಾನ ದಾಟಿಸುವ ಆಟವೂ ಇತ್ತು. ಅದರಲ್ಲಿ ರಂಜನ್‌ನನ್ನು ಮೀರಿಸುವವರಿರಲಿಲ್ಲ. ಬಿದ್ದವರನ್ನು ಕೂಡ ನಗಿಸಿಯೇ ಎಬ್ಬಿಸುತ್ತಿದ್ದ.

ಬೆಳಗಿನ ಚಹಾ ಆದಮೇಲೆ ಎಲ್ಲರೂ ಸುತ್ತು ನಿಲ್ಲಬೇಕು. ಒಬ್ಬೊಬ್ಬರಾಗಿ ಹೆಸರು ಹೇಳಿ, ಕೊನೆಯ ಮದ್ದು ತೆಗೆದುಕೊಂಡು ಎಷ್ಟು ವರ್ಷವಾಯಿತೋ ಅಷ್ಟು ಬೆರಳು ಎತ್ತಬೇಕು. ಉಳಿದವರೆಲ್ಲ ಕೂಡಿ ಒಂದು ಚಪ್ಪಾಳೆ ಹೊಡೆಯುತ್ತಾರೆ. ಆ ಚಪ್ಪಾಳೆ ಬೀಳುವ ತನಕ ಕೈ ಇಳಿಸುವ ಹಾಗಿಲ್ಲ, ಅದು ಬಿದ್ದಮೇಲೆಯೇ ಪಕ್ಕದವರ ಸರದಿ. ಐದು ಬೆರಳಾದವರು ತಂಡ ನಡೆಸಬಹುದು. ಕಾಯಿಲೆ ಮರಳಿದರೆ ಎಣಿಕೆ ಸೊನ್ನೆಗೆ ಬರುತ್ತದೆ. ಹಾಗೆ ಸೊನ್ನೆಗೆ ಬಂದವರು ಮಾರನೆಯ ವರ್ಷ ಸಾಮಾನ್ಯವಾಗಿ ಬರುತ್ತಿರಲಿಲ್ಲ. ಅವರ ಬಗ್ಗೆ ಯಾರೂ ವಿಚಾರಿಸುತ್ತಲೂ ಇರಲಿಲ್ಲ.

ಹತ್ತು ದಾಟಿದವನು ರಂಜನ್ ಒಬ್ಬನೇ. ಹತ್ತು ಬೆರಳು ಸಾಲದೆ ಅವನು ಪಕ್ಕದವರ ಕೈ ಸಾಲ ಕೇಳಬೇಕಾಗಿತ್ತು. ಪ್ರತಿ ವರ್ಷ ಶಿಬಿರದಿಂದ ಬಂದ ದಿನ ಊಟದ ಮೇಜಿನಲ್ಲಿ ಮನೆಯವರನ್ನೂ ಸುತ್ತು ಕೂರಿಸಿ ಅದನ್ನೇ ಮಾಡಿಸುತ್ತಿದ್ದ. “ಪಪ್ಪಾ, ನಿಮ್ಮ ಒಂದು ಬೆರಳು ಕೊಡಿ. ಈ ವರ್ಷ ಹನ್ನೊಂದು.”

ಆ ಹನ್ನೊಂದರ ವರ್ಷವೇ ಅನುಷ್ಕಾ ಮೊದಲ ಸಲ ಬಂದದ್ದು. ಅಪ್ಪ ಅಮ್ಮ ಕಾರ್ಕಳದವರು, ಅವಳು ಹುಟ್ಟಿದ್ದು ಬೆಳೆದದ್ದು ಕಲ್ಯಾಣದಲ್ಲಿ. ಮೆದುಳಿನಲ್ಲಿ ಗಡ್ಡೆಯಾಗಿ, ತಲೆಗೆ ವಿಕಿರಣ ಕೊಟ್ಟು, ಎಡಹುಬ್ಬು ಮತ್ತೆ ಚಿಗುರಿರಲಿಲ್ಲ. ಮೊದಲ ದಿನದ ಸುತ್ತಿಗೆ ಅವಳು ಬರಲಿಲ್ಲ. ನಲ್ಲಿಗಳ ಹಿಂದೆ ಕೂತು, ಸ್ಟೀಲ್ ತಟ್ಟೆಯನ್ನು ಮೊಣಕಾಲಿಗೆ ಆನಿಸಿ, ಅದರೊಳಗೆ ಮುಖ ನೋಡುತ್ತ ಹುಬ್ಬು ಬರೆಯುತ್ತಿದ್ದಳು. ರಂಜನ್ ಹೋಗಿ ತಟ್ಟೆ ತೆಗೆದುಕೊಂಡು ಅವಳ ಮುಖದೆದುರು ನೇರ ಹಿಡಿದು ನಿಂತ.

“ಬರೆ. ಅಲುಗಾಡಿಸುವುದಿಲ್ಲ.”

“ಮುಝೆ ನಹೀಂ ಆನಾ ಸರ್ಕಲ್ ಮೇಂ. ನಾನು ಬರಲ್ಲ. ನಂದು ಬರೀ ಎಂಟು ತಿಂಗಳು.”

“ಎಂಟು ತಿಂಗಳಂದ್ರೆ ಎಷ್ಟು ಬೆರಳು?”

“ಒಂದೂ ಇಲ್ಲ.”

“ಹಾಗಾದ್ರೆ ನನ್ನ ಪಕ್ಕ ನಿಲ್ಲು. ಕೈ ಖಾಲಿ ಉಂಟಲ್ಲ ನಿಂದು, ನನಗೊಂದು ಬೆರಳು ಕಮ್ಮಿ ಬೀಳ್ತಾ ಉಂಟು.”

ಅವಳು ಬಂದು ನಿಂತಳು. ಅವಳ ಒಂದು ಬೆರಳಿನಿಂದ ಅವನ ಹನ್ನೊಂದು ತುಂಬಿತು. ಮರುವರ್ಷ ಎರಡು, ಆಮೇಲೆ ಮೂರು, ಈ ಜನವರಿಯಲ್ಲಿ ನಾಲ್ಕು. ಅಷ್ಟರಲ್ಲಿ ಅವಳಿಗೆ ತನ್ನದೇ ಮೂರಾಗಿತ್ತು.

*

ಹನ್ನೊಂದು ಗಂಟೆಗೆ ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದಾಯಿತು. ಹನ್ನೊಂದು ಜೊತೆ ಚಪ್ಪಲಿ ಬಾಗಿಲ ಹೊರಗೆ ಸಾಲಾಗಿ ನಿಂತವು. ಅಂಥ ಶಿಸ್ತು ಕಲಿಸಿದವನು ಒಳಗೆ ಮಲಗಿದ್ದ. ಎಲ್ಲರೂ ನೀಲಿ ಟೋಪಿ ತಂದಿದ್ದರು, ತಲೆಗೆ ಹಾಕದೆ ಕೈಯಲ್ಲಿ ಹಿಡಿದಿದ್ದರು. ಮನೀಶ ಕೃತಕ ಕಾಲಿನವನು, ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟು ಹಿಡಿದ. ಅವನ ಹಿಂದೆ ಸುಮೇಧಾ. ಕೊನೆಯಲ್ಲಿ ಪೃಥ್ವಿರಾಜ್, ಈ ವರ್ಷ ಹೊಸದಾಗಿ ಸೇರಿದ ಹತ್ತೊಂಬತ್ತರ ಹುಡುಗ. ಅವನದು ಇನ್ನೂ ಒಂದೇ ಬೆರಳು.

ಒಳಗಿನಿಂದ ಮತ್ತೆ ಬಂದು ಕೂತಿದ್ದ ಜಯಲತಾಳ ಹತ್ತಿರ ಸುಮೇಧಾ ನೇರ ಹೋಗಿ ಕೂತಳು. ಡೊಂಬಿವಲಿಯ ಮರಾಠಿ ಹುಡುಗಿ, ಹೀಗೆ ಇದ್ದಕ್ಕಿದ್ದಂತೆ ಹೇಗಾಯಿತೆಂದು ಹಿಂದಿಯಲ್ಲಿ ಕೇಳಿದಳು.

“ಆಂಟಿ, ಐಸೇ ಅಚಾನಕ್ ಕೈಸೇ ಹುವಾ?”

ತಾರಾನಾಥರು ಹೆಂಡತಿಯ ಕಡೆ ತಿರುಗಿದರು. ಹೇಳುವುದಾದರೆ ಇವಳು ಈಗ ಹೇಳುತ್ತಾಳೆ. ಜಯಲತಾ ಹುಡುಗಿಯ ಮುಖ ನೋಡಿದಳು, ಆ ಮುಖದ ಮೇಲಿನ ದುಂಡು ಕೆನ್ನೆ ನೋಡಿದಳು, ಕುತ್ತಿಗೆಯ ಹತ್ತಿರ ಮದ್ದಿನ ನಳಿಕೆ ಹಾಕಿದ್ದ ಹಳೆಯ ಗಾಯದ ಕಲೆ ನೋಡಿದಳು. ಆಮೇಲೆ ಗಂಡನನ್ನು.

“ಪ್ಲೇಟ್‌ಲೆಟ್ ಗಿರ್ ಗಯಾ ಬೇಟಾ,” ಎಂದಳು. “ಬಹುತ್ ಗಿರ್ ಗಯಾ.”

ಪ್ಲೇಟ್‌ಲೆಟ್ ಇಳಿದದ್ದು ಸುಳ್ಳೂ ಅಲ್ಲ. ಎರಡು ಕಾಯಿಲೆಗೂ ಆಗುವ ಮಾತು. ಸುಮೇಧಾ ಬಹಳ ಹೊತ್ತು ಜಯಲತಾಳ ಕೈ ಹಿಡಿದುಕೊಂಡು ಕೂತಿದ್ದಳು. ಪ್ಲೇಟ್‌ಲೆಟ್ ಎಂಬ ಶಬ್ದ ಅವಳು ಆರನೇ ವರ್ಷಕ್ಕೇ ಕಲಿತದ್ದು.

ತುಳಸಿನೀರು ಬಿಡುವ ಸರದಿ ಶುರುವಾಯಿತು. ಊರ ಕಡೆಯವರು ಬಂದು, ಬಾಗಿ, ತುಟಿಯ ಮೇಲೆ ಎರಡು ಹನಿ ಬಿಟ್ಟು ಹಿಂದೆ ಸರಿಯುತ್ತಾರೆ, ಮುಖ ಮುಟ್ಟುವುದಿಲ್ಲ. ತಾರಾನಾಥರು ಆ ಭರವಸೆಯ ಮೇಲೆಯೇ ಎಲ್ಲ ಏರ್ಪಾಡು ಮಾಡಿದ್ದರು. ಉಗುರುಗಳ ಮೇಲೆ ಮದ್ದು ಬಿಟ್ಟ ಕಪ್ಪು ಗೀರುಗಳಿದ್ದವು, ಕೈಗಳನ್ನು ಬಟ್ಟೆಯ ಅಡಿಗೆ ಸೇರಿಸಿದ್ದರು. ಮಾನಸಿಯನ್ನು ತಲೆಯ ಪಕ್ಕ ದೀಪ ನೋಡಿಕೊಳ್ಳುವ ನೆಪದಲ್ಲಿ ಕೂರಿಸಿದ್ದರು. ಮಕ್ಕಳ ಸಾಲು ಬಾಗಿಲಿನಿಂದ ಒಳಕ್ಕೆ ಬಂತು. ಮುಂದೆ ಅನುಷ್ಕಾ. ಇನ್ನು ಐದು ನಿಮಿಷ, ಎಲ್ಲ ಮುಗಿಯುತ್ತದೆ ಎಂದುಕೊಂಡರು.

ಕೆಳಮನೆಯ ದಾನಮ್ಮ ಬಂದದ್ದು ಆಗ. ವಿಜಯಪುರದ ಕಡೆಯ ಮುದುಕಿ. ಲಿಫ್ಟು ಕೆಟ್ಟಾಗಲೆಲ್ಲ ಅವಳ ಗ್ಯಾಸ್ ಸಿಲಿಂಡರನ್ನು ರಂಜನ್ ಹೊತ್ತು ಕೊಡುತ್ತಿದ್ದ. ಎಂಟು ತಿಂಗಳಿಂದ ಮಗಳ ಮನೆಯಲ್ಲಿದ್ದು ನಿನ್ನೆಯಷ್ಟೇ ತಿರುಗಿ ಬಂದಿದ್ದವಳು. ಸಾಲು ಗೀಲು ನೋಡದೆ ನುಗ್ಗಿ ಬಂದು ಅವನ ಪಕ್ಕ ಕುಕ್ಕರಿಸಿದಳು.

“ಯಾಕೋ ನನ್ನಪ್ಪಾ, ಹಿಂಗ್ಯಾಕ ಮಲಗೀಯೋ? ಅಜ್ಜಿ ಬಂದೀನಿ, ಕಣ್ಣ ತಗದು ನೋಡಲ್ಲೋ ಒಮ್ಮೆ.”

ಹಾಗೆನ್ನುತ್ತ ಎರಡೂ ಅಂಗೈಯಿಂದ ಅವನ ಮುಖವನ್ನು ಹಣೆಯಿಂದ ಗಲ್ಲದವರೆಗೆ ಸವರಿ, ತನ್ನ ಕಿವಿಯ ಹತ್ತಿರ ಲಟಿಕೆ ಮುರಿದಳು. ಅವಳ ಕಡೆ ಮಕ್ಕಳನ್ನು ಮುದ್ದಿಸುವುದೇ ಹಾಗೆ. ಮತ್ತೊಮ್ಮೆ ಸವರಿದಳು. ಮಾನಸಿ “ಅಜ್ಜೀ, ಬೇಡ” ಎನ್ನುವಷ್ಟರಲ್ಲಿ ಬಲಹುಬ್ಬು ಕೆನ್ನೆಗೆ ಇಳಿದಿತ್ತು. ಟೋಪಿ ಹಿಂದಕ್ಕೆ ಸರಿದು ನುಣ್ಣನೆಯ ಬುರುಡೆ ಕಾಣಿಸಿತು. ದಾನಮ್ಮ ತನ್ನ ಕಪ್ಪಾದ ಅಂಗೈ ನೋಡಿಕೊಂಡಳು. ಅವಳಿಗೇನೂ ತಿಳಿಯಲಿಲ್ಲ. ಸೀರೆಗೆ ಒರೆಸಿಕೊಂಡು, ಅಳುತ್ತ, ಯಾರೋ ಹಿಡಿದೆಬ್ಬಿಸಿದ ಕಡೆಗೆ ಹೋದಳು.

ತಾರಾನಾಥರು ನಿಂತಲ್ಲೇ ನಿಂತರು.

ಅನುಷ್ಕಾ ಮಂಡಿಯೂರಿದಳು. ಒಂದು ಸಲ ನೋಡಿದಳು, ಅಷ್ಟೇ. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಎಳೆದಳು. ಹೆಗಲ ಓಢಣಿಯ ತುದಿಯಿಂದ ಕೆನ್ನೆ ಒರೆಸಿದಳು. ಆಮೇಲೆ ತನ್ನ ಚೀಲದ ಹೊರಜೇಬಿನಿಂದ ಪೆನ್ಸಿಲ್ ತೆಗೆದಳು. ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಹೆಬ್ಬೆರಳಿನಿಂದ ಅವನ ಹುಬ್ಬಿನ ಮೂಳೆಯನ್ನು ಒತ್ತಿ, ಸಣ್ಣ ಸಣ್ಣ ಗೀಟುಗಳಾಗಿ ಬರೆದಳು. ಮಾನಸಿಗೆ ಅರ್ಧ ಗಂಟೆ ಹಿಡಿದ ಕೆಲಸ ಅವಳಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಗೀಟು ಜಾರಲಿಲ್ಲ. ಬೆನ್ನನ್ನು ಅಗಲ ಮಾಡಿ ಸಾಲಿಗೆ ಅಡ್ಡವಾಗಿ ಕೂತಿದ್ದಳು.

ಅವಳ ಹಿಂದಿನ ಹತ್ತು ಮಂದಿ ಆಗ ಎಲ್ಲಿ ನೋಡುತ್ತಿದ್ದರು ಎಂದು ತಾರಾನಾಥರು ಕಣ್ಣಾಡಿಸಿದರು. ಮನೀಶ ಫ್ಯಾನು ನೋಡುತ್ತಿದ್ದ. ಸುಮೇಧಾ ಗೋಡೆಯ ಕ್ಯಾಲೆಂಡರ್. ಪೃಥ್ವಿರಾಜ್ ತನ್ನ ಕಾಲ್ಬೆರಳು. ಯಾರೂ ನೋಡಲಿಲ್ಲವಲ್ಲ ಎಂದು ಅವರಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಮನೀಶ ಬಾಗಿ ತುಳಸಿನೀರು ಬಿಟ್ಟ. ಬಟ್ಟೆಯ ಅಂಚಿನಿಂದ ಕಿರುಬೆರಳಿನ ತುದಿಯೊಂದು ಹೊರಗೆ ಬಂದಿತ್ತು. ಏಳುವಾಗ ಅವನು ಬಟ್ಟೆಯನ್ನು ಅದರ ಮೇಲೆ ಸರಿಪಡಿಸಿ ಎದ್ದ. ತಾರಾನಾಥರು ಅದನ್ನು ಮರ್ಯಾದೆ ಎಂದು ತಿಳಿದರು.

*

ರಂಜನ್‌ನ ರಕ್ತದ ವರದಿ ಬಂದದ್ದು ಈ ಜನವರಿಯ ಒಂದು ಗುರುವಾರ. ಶಿಬಿರ ಶನಿವಾರಕ್ಕೆ. ರಂಜನ್‌ನ ಕಚೇರಿ ಐರೋಲಿ ಸ್ಟೇಷನ್ನಿಗೆ ಎದುರಿನ ಐಟಿ ಪಾರ್ಕಿನಲ್ಲಿ; ಅಪ್ಪನನ್ನು ಅಲ್ಲಿಗೇ ಕರೆಸಿಕೊಂಡ. ಸಂಜೆಯ ಪಾಳಿ ಬಿಟ್ಟು ಜನ ಪ್ಲಾಟ್‌ಫಾರ್ಮಿನ ಕಡೆ ಓಡುತ್ತಿದ್ದರು. ಇಬ್ಬರೂ ಚಹಾದ ಗಾಡಿಯ ಪಕ್ಕ ನಿಂತರು.

“ಹಳೆಯದು ವಾಪಸ್ ಬಂದದ್ದಲ್ಲ ಪಪ್ಪಾ, ಹೊಸದು. ಆಗ ಕೊಟ್ಟ ಮದ್ದು ಉಂಟಲ್ಲ, ಅದರಿಂದಲೇ ಅಪರೂಪಕ್ಕೆ ಹೀಗಾಗುವುದುಂಟಂತೆ. ಎಷ್ಟೋ ವರ್ಷ ಕಳೆದ ಮೇಲೆ.”

ತಾರಾನಾಥರು ಕುಡಿಯದ ಚಹಾವನ್ನು ಗಾಡಿಯ ಮೇಲೆ ಇಟ್ಟರು. ಆ ಮದ್ದಿನ ಒಂದೊಂದು ಬಾಟಲಿಯನ್ನೂ ಅವರೇ ಔಷಧಿ ಅಂಗಡಿಯಿಂದ ಮಂಜುಗಡ್ಡೆಯಲ್ಲಿಟ್ಟು ತಂದಿದ್ದರು. ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಮಗುವಿನ ಹಾಗೆ ಎದೆಗವಚಿ ಹಿಡಿದು ತಂದಿದ್ದರು.

“ನಾಳೆಯೇ ಎಡ್ಮಿಟ್ ಆಗುವ.”

“ಮಂಗಳವಾರ ಆಗ್ತೇನೆ. ಕ್ಯಾಂಪ್ ಮುಗಿಸಿ ಬಂದು.”

“ನಿನಗೆ ತಲೆ ಸರಿ ಉಂಟಾ ಮಗಾ? ಡಾಕ್ಟ್ರು ಬಿಡ್ತಾರಾ?”

“ಬಿಡ್ಲಿಲ್ಲ. ನಾನು ಹೋಗ್ತೇನೆ.” ಲೋಟವನ್ನು ಬುಟ್ಟಿಗೆ ಹಾಕಿದ. “ಪಪ್ಪಾ, ಅವರು ಹದಿನಾಲ್ಕು ನೋಡ್ಲಿಕ್ಕೆ ಬರುವುದು. ನನ್ನನ್ನಲ್ಲ. ಮನೀಶ ಮದುವೆಗೆ ಒಪ್ಪಿದ್ದು ಅದನ್ನು ನೋಡಿ. ಅನುಷ್ಕಾ ಕಾಲೇಜು ಸೇರಿದ್ದು ಅದನ್ನು ನೋಡಿ. ನನಗೆ ಕೊಟ್ಟ ಮದ್ದೇ ಹೆಚ್ಚಿನವರ ಮೈಯಲ್ಲಿ ಉಂಟು. ಹೇಳಿದ್ರೆ ನಾಳೆಯಿಂದ ಒಬ್ಬೊಬ್ಬರೂ ಜ್ವರ ಬಂದ ದಿನ ನಿದ್ರೆ ಬಿಡ್ತಾರೆ. ಹೇಳಿ ಎಂತ ಪ್ರಯೋಜನ? ತಡೀಲಿಕ್ಕೆ ಮದ್ದುಂಟಾ ಅದಕ್ಕೆ?”

ಶನಿವಾರ ಹೋದ. ಸುತ್ತಿನಲ್ಲಿ ನಿಂತು, ಹತ್ತು ತನ್ನದು, ನಾಲ್ಕು ಅನುಷ್ಕಾಳದು ಎತ್ತಿ, ಹದಿನಾಲ್ಕು ಎಂದ. ಚಪ್ಪಾಳೆ ಬಿತ್ತು. ಎಣಿಕೆ ಸೊನ್ನೆಗೆ ಇಳಿದು ಎರಡು ದಿನವಾಗಿತ್ತು.

ಆಮೇಲೆ ಕಚೇರಿಯವರು ಪುಣೆಗೆ ಕಳಿಸಿದ್ದಾರೆ ಎಂದು ಅವರಿಗೆಲ್ಲ ಹೇಳಿದ. ಫೋನಿನ ಸಭೆಗಳಲ್ಲಿ ಕ್ಯಾಮರಾ ಹಾಳಾಗಿದೆ ಎಂದ. ವಾಂತಿ ಬಂದರೆ ಮ್ಯೂಟ್ ಮಾಡಿ, ಬಕೆಟ್ಟಿಗೆ ವಾಂತಿ ಮಾಡಿ, ಮತ್ತೆ ಬಂದು “ಹಾಂ, ಬೋಲ್” ಎನ್ನುತ್ತಿದ್ದ. ಬಕೆಟ್ಟು ಹಿಡಿಯುತ್ತಿದ್ದವರು ತಾರಾನಾಥರು. ಪೃಥ್ವಿರಾಜ್‌ನನ್ನು ವರ್ಷದ ತಪಾಸಣೆಗೆ ಹೊರಡಿಸಲು ಅವನು ಒಂದೂವರೆ ಗಂಟೆ ಮಾತಾಡಿದ್ದು ಹಾಗೆಯೇ, ನಡುವೆ ನಾಲ್ಕು ಸಲ ಮ್ಯೂಟ್ ಮಾಡಿ. ಮಗ ಒಳ್ಳೆಯ ಮುಂದಾಳು ಎಂದು ಎಲ್ಲರೂ ಹೇಳುತ್ತಿದ್ದುದು ಅವರ ಕಿವಿಗೆ ಬಿದ್ದಿತ್ತು. ಅದರ ಅರ್ಥ ಆ ಬಕೆಟ್ಟನ್ನು ತೊಳೆಯುವಾಗ ತಿಳಿಯಿತು, ತಿಳಿದು ಅಂಥ ಮುಂದಾಳುತನ ಯಾರ ಮಕ್ಕಳಿಗೂ ಬೇಡ ಎನಿಸಿತು.

ಕೊನೆಯ ವಾರ ಮಾತು ಕ್ಷೀಣವಾಗಿತ್ತು. “ಡೆಂಗ್ಯೂ ಅನ್ನಿ ಪಪ್ಪಾ. ಮಳೆಗಾಲ, ಯಾರೂ ಜಾಸ್ತಿ ಕೇಳುವುದಿಲ್ಲ.”

*

ಎತ್ತುವ ಹೊತ್ತಿಗೆ ಅನುಷ್ಕಾ ಮೆಟ್ಟಿಲ ತಿರುವಿನಲ್ಲಿ ಕಾಯುತ್ತಿದ್ದಳು. ತಾರಾನಾಥರು ಅವಳ ಹತ್ತಿರ ನಿಂತರು.

“ಎಷ್ಟು ದಿನದಿಂದ, ಅಂಕಲ್?”

“ಎಂಟು ತಿಂಗಳು.”

“ಪುಣೆ ಅಂದದ್ದು?”

“ಪುಣೆ ಇಲ್ಲ.”

ಅವಳು ತಲೆಯಾಡಿಸಿದಳು. ಅಳಲಿಲ್ಲ. “ಬಾಕಿಯವರಿಗೆ ಗೊತ್ತಾಗ್ಲಿಲ್ಲ. ನಾನು ಅಡ್ಡ ಕೂತಿದ್ದೆ.”

“ಹೇಳ್ಬೇಡ ಮಗಾ. ಅವನಿಗೆ ಮಾತು ಕೊಟ್ಟಿದ್ದೇನೆ.”

“ಇಲ್ಲ. ಹೇಳಲ್ಲ.” ಓಢಣಿಯ ಕಪ್ಪು ಕಲೆಯನ್ನು ಒಳಗೆ ಮಡಚಿಕೊಂಡಳು. ಆಮೇಲೆ ದನಿ ಸಣ್ಣದಾಯಿತು. “ಒಂದು ಕೇಳ್ಲಾ? ಹಳೇದೇ ವಾಪಸ್ ಬಂತಾ? ಯಾ ನಯಾ, ಹೊಸದಾ?”

ಈ ಪ್ರಶ್ನೆಯನ್ನು ಅವರು ನಿರೀಕ್ಷಿಸಿರಲಿಲ್ಲ. ಹುಡುಗಿಯ ಎಡಹುಬ್ಬು ಅವರ ಕಣ್ಣೆದುರಿಗೇ ಇತ್ತು. ಇಂದು ಬೆಳಿಗ್ಗೆ ಅವಸರದಲ್ಲಿ ಬರೆದುಕೊಂಡದ್ದು, ಒಂದಿಷ್ಟು ಸೊಟ್ಟ.

“ಹಳೇದೇ,” ಎಂದರು ತಾರಾನಾಥರು. “ಅವನದ್ದು ಮೊದಲಿಂದಲೂ ಕೆಟ್ಟ ತರದ್ದು ಅಂತ ಡಾಕ್ಟ್ರು ಹೇಳಿದ್ರು. ಬೇರೆಯವರಿಗೆ ಹಾಗಾಗುವುದಿಲ್ಲ.”

ಅವಳು ಅವರ ಕಣ್ಣನ್ನೇ ನೋಡಿದಳು. “ಠೀಕ್ ಹೈ ಅಂಕಲ್,” ಎಂದಳು. ನಂಬಿದಳೋ ಇಲ್ಲವೋ, ನಂಬಿದ ಹಾಗೆ ತಲೆಯಾಡಿಸುವುದು ಅವಳು ರಂಜನ್‌ನಿಂದಲೇ ಕಲಿತಿರಬೇಕು.

ಗೇಟಿನಲ್ಲಿ ಯಜ್ಞೇಶ್ವರ ಅಡ್ಡ ಬಂದ. “ಹೆಣ್ಣುಮಕ್ಕಳು ಸ್ಮಶಾನಕ್ಕೆಂತಕ್ಕೆ ಭಾವ? ನಮ್ಮಲ್ಲಿ ಕ್ರಮ ಇಲ್ಲ.”

“ಇಪ್ಪತ್ತೈದಕ್ಕೆ ಮಗನನ್ನು ಹೊರುವ ಕ್ರಮ ಉಂಟಾ?” ಎಂದರು ತಾರಾನಾಥರು. ಯಜ್ಞೇಶ್ವರ ಗೇಟಿನಿಂದ ಪಕ್ಕಕ್ಕೆ ಸರಿದ.

*

ಕೊಳ್ಳಿ ಇಟ್ಟದ್ದೂ ಅವರೇ. ಮಗ ಅಪ್ಪನಿಗೆ ಮಾಡಬೇಕಾದ್ದನ್ನು ಅಪ್ಪ ಮಗನಿಗೆ ಮಾಡಿ ಮುಗಿಸಿದ. ಹೊತ್ತಿಕೊಂಡಾಗ ಮೊದಲು ಸುಟ್ಟದ್ದು ನೀಲಿ ಟೋಪಿ. ಯಾರಿಗೂ ಅದನ್ನು ತೆಗೆಯುವ ಮನಸ್ಸಾಗಿರಲಿಲ್ಲ. ಬಂಧುಗಳು ನಲ್ಲಿಯಲ್ಲಿ ಕೈಕಾಲು ತೊಳೆದು ಗಾಡಿಗಳ ಕಡೆ ಹೊರಟರು. ಯಜ್ಞೇಶ್ವರ ಎರಡು ಸಲ ಹಾರ್ನ್ ಮಾಡಿದ.

ಶೆಡ್ಡಿನ ಹೊರಗೆ, ಆಲದ ಮರದ ಕಟ್ಟೆಯ ಮುಂದೆ ಹನ್ನೊಂದು ಜನ ಸುತ್ತು ನಿಂತಿದ್ದರು. ಅನುಷ್ಕಾ ಮತ್ತು ಮನೀಶನ ನಡುವೆ ಒಂದಾಳಿನಷ್ಟು ಜಾಗ ಬಿಟ್ಟಿದ್ದರು. ಅನುಷ್ಕಾ ಅವರನ್ನು ನೋಡಿ ಕೈಮಾಡಿ ಕರೆದಳು.

“ಅಂಕಲ್, ನಾವು ಇದನ್ನು ಮಾಡೇ ಹೋಗೋದು. ರಂಜನ್ ಭಯ್ಯಾನ ಜಾಗ. ನೀವು ನಿಲ್ತೀರಾ?”

ತಾರಾನಾಥರು ಹೋಗಿ ನಿಂತರು. ಮೈಗೆಲ್ಲ ಹೊಗೆ ವಾಸನೆ. ಆದರೂ ಮಾತು ಉಳಿಸಿಕೊಂಡ ಸಮಾಧಾನ ಒಂದಿತ್ತು. ಇದೊಂದು ಆಗಿಬಿಟ್ಟರೆ ಮನೆಗೆ ಹೋಗಿ ಬಿದ್ದುಕೊಳ್ಳಬಹುದು. ಅಳಬಹುದು.

ಅನುಷ್ಕಾಳಿಂದ ಶುರುವಾಯಿತು. “ಅನುಷ್ಕಾ. ನಾಲ್ಕು.” ನಾಲ್ಕು ಬೆರಳು ಎತ್ತಿದಳು. ಮೇ ತಿಂಗಳಿಗೆ ಅವಳಿಗೆ ನಾಲ್ಕು ತುಂಬಿತ್ತು. ಎಲ್ಲರೂ ಕೂಡಿ ಒಂದು ಚಪ್ಪಾಳೆ ಹೊಡೆದರು. ಸದ್ದು ಶೆಡ್ಡಿನ ತಗಡಿಗೆ ಬಡಿದು ಬಂತು. ಅವಳು ಕೈ ಇಳಿಸಿದಳು.

ಈಗ ತಾರಾನಾಥರ ಸರದಿ.

“ರಂಜನ್,” ಎಂದರು. “ಹದಿನಾಲ್ಕು.”

ಹತ್ತು ಬೆರಳನ್ನೂ ಬಿಡಿಸಿ ಮೇಲೆತ್ತಿದರು. ಕೊಳ್ಳಿ ಹಿಡಿದ ಕೈಯಲ್ಲಿ ಮಸಿ ಇತ್ತು. ಪಕ್ಕದಲ್ಲಿ ಅನುಷ್ಕಾ ತನ್ನ ಎಡಗೈಯನ್ನು ಎತ್ತಿ ಅವರ ಕೈಗೆ ತಾಗಿಸಿ ಹಿಡಿದಳು. ನಾಲ್ಕು ಬೆರಳು, ಹೆಬ್ಬೆರಳು ಒಳಗೆ ಮಡಚಿದ್ದು.

ಚಪ್ಪಾಳೆ ಬರಲಿಲ್ಲ.

ತಡವಾಗುತ್ತಿದೆ ಎಂದುಕೊಂಡರು ತಾರಾನಾಥರು. ಸುಮೇಧಾಳನ್ನು ನೋಡಿದರು. ಅವಳು ನೆಲ ನೋಡುತ್ತ, ಒಂದು ಅಂಗೈಯನ್ನು ಇನ್ನೊಂದರ ಹತ್ತಿರ ತಂದು, ಹಾಗೇ ಹಿಡಿದಿದ್ದಳು. ಆಚೆಯವನು ಟೋಪಿ ಹಿಂಡುತ್ತಿದ್ದ. ಫ್ಯಾನು ನೋಡಿದವರು, ಕ್ಯಾಲೆಂಡರ್ ನೋಡಿದವರು, ಕಾಲ್ಬೆರಳು ನೋಡಿದವರು, ಒಬ್ಬರೂ ಅವರ ಕಡೆ ಮುಖ ಎತ್ತಲಿಲ್ಲ. ಉಗುರಿನಲ್ಲಿ ಕಪ್ಪು ಗೀರಿದ್ದ ಆ ಕಿರುಬೆರಳ ಮೇಲೆ ಮನೀಶ ಬಟ್ಟೆ ಸರಿಪಡಿಸಿದ್ದು ಅವರಿಗೆ ಆಗ ನೆನಪಾಯಿತು.

“ತಾಲೀ ಬಜಾವ್ ನಾ, ಚಪ್ಪಾಳೆ ಹೊಡೀರಿ,” ಎಂದಳು ಅನುಷ್ಕಾ. ಅವಳ ದನಿ ಒಡೆದಿತ್ತು. “ಪ್ಲೀಸ್ ಯಾರ್.”

ಮನೀಶನದು ಮುಂದಿನ ಸರದಿ. ಅವನು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿಕೊಂಡ. ಎದುರಿಗೆ ಪೃಥ್ವಿರಾಜ್ ತನ್ನ ಸರದಿಗೆಂದು ಮೊದಲೇ ತಯಾರು ಮಾಡಿಟ್ಟುಕೊಂಡಿದ್ದ ಒಂದು ಬೆರಳನ್ನು ನೋಡಿದ, ನೋಡಿ ಮೆಲ್ಲಗೆ ಮುಷ್ಟಿಯೊಳಗೆ ಮಡಚಿಕೊಂಡ.

ಗಾಡಿಯಿಂದ ಯಜ್ಞೇಶ್ವರ ಮತ್ತೆ ಹಾರ್ನ್ ಮಾಡಿದ. ಶೆಡ್ಡಿನೊಳಗೆ ಕಟ್ಟಿಗೆಯೊಂದು ಸಿಡಿದು ಬಿತ್ತು. ಚಪ್ಪಾಳೆ ಬೀಳುವ ತನಕ ತಾರಾನಾಥರು ಕೈ ಇಳಿಸುವ ಹಾಗಿರಲಿಲ್ಲ. ಮಸಿ ಹತ್ತಿದ ಹತ್ತು ಬೆರಳು, ಅದಕ್ಕೆ ತಾಗಿ ಆ ಹುಡುಗಿಯ ನಾಲ್ಕು, ಹಾಗೆಯೇ ಮೇಲೆ ನಿಂತಿದ್ದವು.